ಅಪ್ಪ ಒಬ್ಬನೇ ಆಡಿದ ಆಟ

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅದಕ್ಕೆ ಜಾಗ ಬಿಟ್ಟುಕೊಟ್ಟು ಅಕ್ಕಿ ಮೂಟೆ ಅಡುಗೆಮನೆಗೆ ಹೋಯಿತು. ಹೊಸೂರಿನಲ್ಲಿ ನಾವಿದ್ದದ್ದು ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಮೂರು ಮನೆಗಳ ವಠಾರದಲ್ಲಿ. ಒಂದೊಂದು ಮನೆಗೂ ಒಂದು ನಡುಮನೆ, ಹಿಂದೆ ಅಡುಗೆಮನೆ, ಮುಂದೆ ಇಬ್ಬರು ಒತ್ತಿಕೊಂಡು ಕೂರುವಷ್ಟು ಜಗಲಿ. ಅಂಗಳದ ನಡುವೆ ಬೇವಿನ ಮರ, ಅದರ ಬುಡದಲ್ಲಿ ಅರಿಶಿನ ಬಳಿದ ಮುನೇಶ್ವರನ ಕಲ್ಲು, ಪಕ್ಕದಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಬಟ್ಟೆ ಒಗೆಯುವ ಕಲ್ಲು. ಮೂರು ಮನೆಯ ಗಂಡಸರೂ ಊರಾಚೆಯ ಒಂದೇ ಲಾರಿ ಫ್ಯಾಕ್ಟರಿಯಲ್ಲಿ, ಒಂದೇ ಶಿಫ್ಟಿನಲ್ಲಿ ದುಡಿಯುತ್ತಿದ್ದರು. ನಮ್ಮಪ್ಪ ನಾಗರಾಜ ಉದ್ದನಪಲ್ಲಿಯ ಹೊಲವನ್ನು ತಮ್ಮನಿಗೆ ಬಿಟ್ಟು ಬಂದವನು; ಇಂಜಿನ್ ಜೋಡಿಸುವ ಕಡೆ ಇದ್ದ. ಎದುರುಮನೆಯ ಸೆಲ್ವಂ ಮಾಮ ತಮಿಳಿನವನು, ಬಣ್ಣ ಹೊಡೆಯುವ ವಿಭಾಗದವನು. ಮೂಲೆಮನೆಯ ಮುನಿರಾಜು ಮಾಮನ ಮನೆಮಾತು ತೆಲುಗು. ಮೂವರೂ ಬೆಳಗಿನ ಜಾವಕ್ಕೆ ಎದ್ದು ಒಂದೇ ನಲ್ಲಿಯಡಿ ಮುಖ ತೊಳೆದು, ಮೂರು ಗಾಡಿಗಳನ್ನು ಸಾಲಾಗಿ ಅಂಗಳದಿಂದ ತಳ್ಳಿಕೊಂಡು ಹೋಗುತ್ತಿದ್ದರು. ಮಲಗಿರುವ ಮಕ್ಕಳು ಏಳಬಾರದೆಂದು ಬೀದಿಗೆ ಹೋದಮೇಲೇ ಗಾಡಿ ಶುರುಮಾಡುವುದು ಅವರ ನಡುವಿನ ಕಟ್ಟಳೆಯಾಗಿತ್ತು.

ಕಂಪ್ಯೂಟರ್ ತಂದವನು ಅಮ್ಮನ ತಮ್ಮ. ಅವನಿಗೆ ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇತ್ತು. ಯಾರ್ಯಾರೋ ಬಿಟ್ಟುಹೋದ ಭಾಗಗಳನ್ನು ಸೇರಿಸಿ ಒಂದು ಮಾಡಿ, ನಮ್ಮ ಸುಮಿ ಓದಲಿ ಎಂದು ನನಗೆ ಕೊಟ್ಟ. ಓದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಒಂದು ಆಟ ಇತ್ತು. ಕತ್ತಿ, ಮಂತ್ರ, ರಾಕ್ಷಸರ ಆಟ. ಯಾವುದೋ ರಾಜ್ಯಕ್ಕೆ ಕೇಡು ತಗುಲಿರುತ್ತದೆ. ಆರು ಜನರ ತಂಡ ಕಟ್ಟಿಕೊಂಡು ಕಾಡು, ಗುಹೆ, ಪಾಳುಕೋಟೆಗಳನ್ನು ಸುತ್ತಿ ಆ ಕೇಡಿನ ಬುಡ ಹುಡುಕಿ ಕೀಳಬೇಕು. ಆರೂ ಜನಕ್ಕೆ ಮುಖ ಆರಿಸಿ, ಕಸುಬು ಕೊಟ್ಟು, ಹೆಸರಿಡುವುದು ಆಡುವವರ ಕೆಲಸ. ಹೆಸರಿಡುವ ಭಾನುವಾರ ವಠಾರವೆಲ್ಲ ನಮ್ಮ ನಡುಮನೆಯಲ್ಲಿತ್ತು. ಕತ್ತಿಯವನು ಅಪ್ಪ, ಗುರಾಣಿಯವನು ಮುನಿರಾಜು ಮಾಮ, ಬಿಲ್ಲಿನವನು ಸೆಲ್ವಂ ಮಾಮ. ಗಾಯ ವಾಸಿಮಾಡುವವಳು ಅಮ್ಮ, ಮಂತ್ರಗಾತಿ ನಾನು. ಬೀಗ ತೆಗೆಯುವ ಕಳ್ಳಿಯ ಕೆಲಸ ಮನೆಯ ಬೀಗದ ಕೈಗೊಂಚಲನ್ನು ಸೊಂಟದಿಂದ ಎಂದೂ ಬಿಚ್ಚದ ಅಜ್ಜಿಗೆ ಹೋಯಿತು. ಅಪ್ಪನನ್ನು ಹೆತ್ತ ಅಜ್ಜಿ, ಗಂಡ ಸತ್ತಮೇಲೆ ನಮ್ಮ ಜೊತೆ ಇದ್ದಳು. ಬೀಗ ತೆಗೆಯೋಳು ಅಂದರೆ ಸಾಲದೇ, ಕಳ್ಳಿ ಅಂತಲೇ ಯಾಕೆ ಬರೆಯಬೇಕು ಎಂದು ಅವಳು ಎರಡು ದಿನ ಅಪ್ಪನ ಮೇಲೆ ಮುನಿಸಿಕೊಂಡಿದ್ದಳು.

ಅಪ್ಪ ಕನ್ನಡ ಶಾಲೆಯಲ್ಲಿ ಓದಿದವನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದ, ಅರ್ಥ ಆಗುತ್ತಿರಲಿಲ್ಲ. ಆರನೇ ಕ್ಲಾಸಿನಲ್ಲಿದ್ದ ನಾನು ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಕನ್ನಡದಲ್ಲಿ ಹೇಳಬೇಕು, ಸೆಲ್ವಂ ಮಾಮನ ಮಗಳು ಕವಿತಾ ಅದನ್ನು ತಮಿಳಿಗೆ ತರಬೇಕು. ಅವಳು ನನ್ನದೇ ಕ್ಲಾಸಿನವಳು, ನನಗಿಂತ ಚೆನ್ನಾಗಿ ಕಥೆ ಹೇಳುತ್ತಿದ್ದಳು. ಶಿಫ್ಟು ಮುಗಿಸಿ ಬಂದ ಗಂಡಸರು ಸಂಜೆ ನೆಲದ ಮೇಲೆ ಕಾಲು ಮಡಚಿ ಕೂತು, ಯಾರು ಮುಂದೆ ಹೋಗಬೇಕು, ಯಾರು ಹಿಂದಿರಬೇಕು ಎಂದು ಕಿತ್ತಾಡುತ್ತಿದ್ದರು. ತನ್ನನ್ನು ಯಾವಾಗಲೂ ಹಿಂದೆ ನಿಲ್ಲಿಸುತ್ತಾನೆಂದು ಸೆಲ್ವಂ ಮಾಮನಿಗೆ ಅಪ್ಪನ ಮೇಲೆ ನಿಜವಾದ ಸಿಟ್ಟಿತ್ತು. ಬಿಲ್ಲಿನವನು ಮುಂದೆ ಹೋದರೆ ಸಾಯುತ್ತಾನೆ ಎಂದು ಅಪ್ಪ ವಿವರಿಸುತ್ತಿದ್ದ. ಆರರಲ್ಲಿ ಒಬ್ಬರು ಸತ್ತರೂ ಅಪ್ಪ ಆಟ ಮುಂದುವರಿಸುತ್ತಿರಲಿಲ್ಲ. ಹಿಂದೆ ಉಳಿಸಿಟ್ಟ ಜಾಗದಿಂದ ಮತ್ತೆ ಶುರು. ಒಮ್ಮೆ ಜೇಡಗಳ ಗುಹೆಯಲ್ಲಿ ಅಜ್ಜಿ ಸಾಯುತ್ತಲೇ ಇದ್ದಳು, ಅಪ್ಪ ವಾರಗಟ್ಟಲೆ ಆ ಗುಹೆ ಬಿಟ್ಟು ಕದಲಲಿಲ್ಲ. ಅಜ್ಜಿ ಅವರೆಕಾಯಿ ಸುಲಿಯುತ್ತ, ಇವತ್ತಾದರೂ ಬದುಕಿದೆನಾ ಎಂದು ಕೇಳುವಳು.

ಆಯುಧಪೂಜೆ ಕಳೆದ ಕೆಲವೇ ದಿನಕ್ಕೆ ಫ್ಯಾಕ್ಟರಿಯಲ್ಲಿ ಮುಷ್ಕರ ಬಿತ್ತು. ಹೊಸದಾಗಿ ಸೇರಿದ್ದ ಕೆಲವು ಹುಡುಗರನ್ನು ಕೆಲಸದಿಂದ ತೆಗೆದಿದ್ದರು, ಅವರನ್ನು ವಾಪಸ್ ತೆಗೆದುಕೊಳ್ಳುವವರೆಗೆ ಯಾರೂ ಒಳಗೆ ಹೋಗುವುದಿಲ್ಲ ಎಂದು ಯೂನಿಯನ್ನಿನವರು ಗೇಟಿನ ಎದುರು ಶಾಮಿಯಾನ ಹಾಕಿದರು. ಮೊದಲ ಬೆಳಗ್ಗೆ ಹೊರಡುವ ಮುಂಚೆ ಮೂವರೂ ಬೇವಿನ ಮರದಡಿ ನಿಂತರು. ಅಜ್ಜಿ ಮುನೇಶ್ವರನ ಕಲ್ಲಿಗೆ ನೀರು ಹಾಕಿ, ಕುಂಬಳಕಾಯಿ ಒಡೆಸಿ, ಕರ್ಪೂರ ಹಚ್ಚಿದಳು. ಮೂವರೂ ಆ ಉರಿಯ ಮೇಲೆ ಕೈ ಹಿಡಿದು, ಉಳಿದಿಬ್ಬರನ್ನು ಬಿಟ್ಟು ಒಬ್ಬನೇ ಗೇಟು ದಾಟುವುದಿಲ್ಲವೆಂದು ಹೇಳಿದರು. ಅಪ್ಪ ಕನ್ನಡದಲ್ಲಿ, ಸೆಲ್ವಂ ಮಾಮ ತಮಿಳಿನಲ್ಲಿ, ಮುನಿರಾಜು ಮಾಮ ತೆಲುಗಿನಲ್ಲಿ. ಮುನೇಶ್ವರನಿಗೆ ಮೂರೂ ಬರುತ್ತೆ ಎಂದು ಅಜ್ಜಿ ಅಂದದ್ದಕ್ಕೆ ಎಲ್ಲರೂ ನಕ್ಕರು.

ಆಮೇಲಿನ ದಿನಗಳು ನನಗೂ ಕವಿತಾಗೂ ಹಬ್ಬದಂತಿದ್ದವು. ಮೂರು ಮನೆಗೂ ಸೇರಿ ಅಂಗಳದಲ್ಲಿ ಒಂದೇ ಒಲೆ ಹೂಡಿದರು. ಅಮ್ಮ ಮುದ್ದೆ ತಿರುವಿದರೆ ಕವಿತಾಳ ಅಮ್ಮ ವಳ್ಳಿ ಅತ್ತೆ ಕೊಳಂಬು ಮಾಡುವಳು. ಮುದ್ದೆಗೆ ಹುಣಸೆಹಣ್ಣಿನ ಕೊಳಂಬು ಹಾಕಿಕೊಂಡು ಉಂಡ ರುಚಿ ನನ್ನ ನಾಲಿಗೆಗೆ ಇನ್ನೂ ಗೊತ್ತು. ಗಂಡಸರು ಸಂಜೆ ಗೇಟಿನಿಂದ ಬಂದು ಮೊದಲಿನಂತೆಯೇ ಆಟಕ್ಕೆ ಕೂರುತ್ತಿದ್ದರು. ಸೆಲ್ವಂ ಮಾಮ ಗೇಟಿನಲ್ಲಿ ಮೈಕು ಹಿಡಿದು ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ಅಪ್ಪ ಮಾತ್ರ ದಿನದಿಂದ ದಿನಕ್ಕೆ ಕಡಿಮೆ ಮಾತಾಡತೊಡಗಿದ. ಕೂತಲ್ಲಿ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯ ಮೂರು ಕುರ್ಚಿಗಳ ಸ್ಕ್ರೂ ಬಿಚ್ಚಿ ಬಿಗಿದ, ನಲ್ಲಿ ಬಿಚ್ಚಿ ಜೋಡಿಸಿದ, ಗಾಡಿಯ ಇಂಜಿನನ್ನು ಅಂಗಳದಲ್ಲಿ ಗೋಣಿಚೀಲದ ಮೇಲೆ ಹರಡಿ ಒಂದೊಂದನ್ನೂ ಒರೆಸಿ ಮತ್ತೆ ಕೂಡಿಸಿದ. ಎಲ್ಲ ಸರಿಯಿದ್ದ ವಸ್ತುಗಳೇ.

ರಾಗಿ ಕೊಯ್ಲಿನ ಹೊತ್ತು. ಸಾನಮಾವು ಕಾಡಿನಿಂದ ಆನೆಗಳು ಇಳಿದು ಹೊಲ ತುಳಿದಿವೆ ಎಂದು ಉದ್ದನಪಲ್ಲಿಯಿಂದ ಚಿಕ್ಕಪ್ಪ ಹೇಳಿ ಕಳಿಸಿದ್ದ. ಅದಕ್ಕೇ, ಸೋಮವಾರ ಬೆಳಗ್ಗೆ ಅಪ್ಪ ಎಲ್ಲರಿಗಿಂತ ಮೊದಲೇ ಸ್ನಾನ ಮಾಡಿ, ಕೈಯಲ್ಲೊಂದು ಚೀಲ ಹಿಡಿದು ಹೊರಟಾಗ ಊರಿಗೆ ಹೋಗುತ್ತಿದ್ದಾನೆಂದು ಅಮ್ಮ ತಿಳಿದಳು. ಗಾಡಿ ತೆಗೆಯಲಿಲ್ಲ ಯಾಕೆ ಎಂದು ಅವಳಿಗೆ ಅನಿಸಿತಂತೆ, ಕೇಳಲಿಲ್ಲವಂತೆ. ಬತ್ತೀನಿ ಎಂದಷ್ಟೇ ಹೇಳಿ ಹೋದ.

ನಾನೂ ಕವಿತಾಳೂ ಎಂದಿನಂತೆ ಕೈ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದೆವು. ನಮ್ಮ ಶಾಲೆ ಫ್ಯಾಕ್ಟರಿಗೆ ಹೋಗುವ ರಸ್ತೆಯಲ್ಲೇ ಇತ್ತು. ಮುಂದೆ ಪೊಲೀಸ್ ಜೀಪು, ಹಿಂದೆ ಕಿಟಕಿಗೆಲ್ಲ ಕಬ್ಬಿಣದ ಬಲೆ ಹಾಕಿ ಒಳಗೆ ಪರದೆ ಎಳೆದ ಕಂಪನಿ ಬಸ್ಸು ನಿಧಾನ ಬರುತ್ತಿತ್ತು. ರಸ್ತೆಯ ಆ ಬದಿ ನಿಂತಿದ್ದ ಗಂಡಸರು ಕೂಗುತ್ತಿದ್ದರು. ಬೇರೆ ಊರಿನಿಂದ ಆಳು ತಂದಿದ್ದಾರೆ ಎಂದು ಸೆಲ್ವಂ ಮಾಮ ಹೇಳಿದ್ದ ಕಾರಣ ಅವರು ನೋಡಲು ಹೇಗಿರುತ್ತಾರೋ ಎಂಬ ಕುತೂಹಲಕ್ಕೆ ನಾವು ನಿಂತೆವು. ಬಸ್ಸು ನಮ್ಮ ಎದುರಿಗೆ ಬಂದಾಗ ಒಂದು ಪರದೆ ಒಂದಿಷ್ಟು ಸರಿಯಿತು. ಮೊದಲು ಕಂಡದ್ದು ಕವಿತಾಗೆ.

"ಸುಮಿ, ಉಂಗ ಅಪ್ಪಾ ಡೀ."

ಅಪ್ಪ ನಮ್ಮನ್ನು ನೋಡಿದ. ನನ್ನನ್ನು ನೋಡಿ, ಆಮೇಲೆ ಕವಿತಾಳನ್ನು ನೋಡಿ, ಪರದೆ ಎಳೆದುಕೊಂಡ. ಬಲೆಯ ಹಿಂದಿನ ಆ ಮುಖ ನಮ್ಮಪ್ಪನದು ಎಂದು ಕಣ್ಣಿಗೆ ಗೊತ್ತಾಗಿತ್ತು, ಆದರೆ ತಲೆಗೆ ಗೊತ್ತಾಗಲಿಲ್ಲ. ಬಸ್ಸು ದಾಟಿ ಹೋದಮೇಲೂ ನಾನು ಅದೇ ಜಾಗದಲ್ಲಿ, ಇನ್ನೂ ಏನೋ ಬರಲಿಕ್ಕಿದೆ ಎನ್ನುವಂತೆ ನಿಂತಿದ್ದೆ. ಕೈ ಖಾಲಿ ಅನಿಸಿದಾಗ ತಿರುಗಿ ನೋಡಿದೆ. ಕವಿತಾ ಆಗಲೇ ಶಾಲೆಯ ಗೇಟಿನೊಳಗೆ ಇದ್ದಳು. ಅವಳು ಕೈ ಬಿಟ್ಟದ್ದು ಯಾವಾಗ ಎಂದು ನನಗೆ ತಿಳಿಯಲೇ ಇಲ್ಲ. ಆ ದಿನ ಅವಳು ಬೇರೆ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಏನು ಪಾಠ ಮಾಡಿದರೋ, ನಾನು ಡಬ್ಬಿ ತೆರೆದೆನೋ ಇಲ್ಲವೋ, ಒಂದೂ ನೆನಪಿಲ್ಲ.

ಸಂಜೆ ಮನೆಗೆ ಬಂದಾಗ ಅಂಗಳದ ಒಲೆ ಇರಲಿಲ್ಲ. ಅದರ ಮೂರು ಕಲ್ಲುಗಳನ್ನು ಗೋಡೆಗೆ ಒತ್ತರಿಸಿ ಇಟ್ಟಿದ್ದರು. ನಮ್ಮ ದೊಡ್ಡ ಪಾತ್ರೆ, ಮುದ್ದೆ ತಿರುವುವ ಕೋಲು, ಎರಡು ತಟ್ಟೆ, ಎಲ್ಲವನ್ನೂ ತೊಳೆದು ವಳ್ಳಿ ಅತ್ತೆ ನಮ್ಮ ಹೊಸಿಲ ಮುಂದೆ ಜೋಡಿಸಿಟ್ಟಿದ್ದಳು. ಅಮ್ಮ ಅವನ್ನು ಒಳಗೆ ತಂದಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಮುನಿರಾಜು ಮಾಮನ ಮನೆಯ ಬಾಗಿಲು ಹಾಕಿತ್ತು. ಹಗಲು ಹೊತ್ತಿನಲ್ಲಿ ಆ ಬಾಗಿಲಿಗೆ ಹಲಗೆ ಇದೆ ಎನ್ನುವುದನ್ನೇ ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಸೆಲ್ವಂ ಮಾಮ ತನ್ನ ಜಗಲಿಯಲ್ಲಿ ಕೂತಿದ್ದ. ಅಪ್ಪ ಬೀದಿ ಮೂಲೆಯಲ್ಲಿ ಬಸ್ಸಿಳಿದು ಚೀಲ ಹಿಡಿದು ನಡೆದು ಬಂದ. ಈಗ ಹೊಡೆದಾಟ ಆಗುತ್ತದೆ ಎಂದು ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಸೆಲ್ವಂ ಮಾಮ ಎದ್ದು ಕೂಡ ನಿಲ್ಲಲಿಲ್ಲ. ದಿನಾ ಕೇಳುವ ದನಿಯಲ್ಲೇ ಕೇಳಿದ.

"ನಾಗರಾಜು, ಒಳಗೆ ಊಟ ಹಾಕಿದ್ರಾ?"

"ಹಾಕಿದ್ರು."

"ಸರಿ."

ಅಷ್ಟೇ. ಅದಾದಮೇಲೆ ಅವನು ಅಪ್ಪನನ್ನು ಮಾತಾಡಿಸಲಿಲ್ಲ. ಕೂಗಾಡಿದ್ದರೆ, ಕಲ್ಲು ಎಸೆದಿದ್ದರೆ ನನಗೆ ಅರ್ಥವಾಗುತ್ತಿತ್ತೇನೋ. 

ಒಳಗೆ ಅಮ್ಮ ಕಣ್ಣೆತ್ತದೆ ಮುದ್ದೆ ಇಟ್ಟಳು. ಅಪ್ಪ ಕೈತೊಳೆದು ಕೂತ. ಅಜ್ಜಿ ದಿನಾ ಅವನ ಎದುರಿಗೆ ಕೂತು ಉಣ್ಣುತ್ತಿದ್ದವಳು, ಅವತ್ತು ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅವಳು ಮಗನನ್ನು ಬೈದು ನಾನು ಕೇಳಿದ್ದಿಲ್ಲ. ಹುಟ್ಟಿದ ಮೂರು ಮಕ್ಕಳನ್ನು ಕಳೆದುಕೊಂಡ ಮೇಲೆ ಹುಟ್ಟಿದವನೆಂದು ಅವನ ತಟ್ಟೆಗೇ ಮೊದಲು ತುಪ್ಪ ಬೀಳುತ್ತಿತ್ತು.

"ಕರ್ಪೂರ ಹಚ್ಚಿದ್ದು ಈ ಕೈ ಕಣ್ಲಾ ನಾಗ. ಇದೇ ಕೈಯಾಗೆ ನಿನ್ ಅನ್ನ ಎಂಗ್ಲಾ ಉಣ್ಲಿ?"

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ, ತಟ್ಟೆ ನೋಡುತ್ತ ಹೇಳಿದ.

"ಆಚೆ ಕೂತ್ಕಂಡು ಇರಾಕಾಗ್ಲಿಲ್ಲ ಅವ್ವಾ. ಕೈ ಸುಮ್ಕಿರಲ್ಲ ಅಂತದೆ. ಅಷ್ಟೆಯ."

ಅಪ್ಪ ಕೊಟ್ಟ ಕಾರಣ ಇದೊಂದೇ. ಆಮೇಲೆ ಎಷ್ಟೋ ವರ್ಷ ಇದರ ಹಿಂದೆ ಬೇರೆ ಏನೋ ದೊಡ್ಡದು ಇರಬೇಕೆಂದು ನಾನು ಹುಡುಕಿದ್ದೇನೆ. ಯಾರೋ ಹೆದರಿಸಿರಬೇಕು, ಏನೋ ಆಸೆ ತೋರಿಸಿರಬೇಕು ಎಂದುಕೊಂಡಿದ್ದೇನೆ. ಏನೂ ಇರಲಿಲ್ಲ. ಕೆಲಸವಿಲ್ಲದ ಕೈಯನ್ನು ಒಬ್ಬ ಗಂಡಸು ತಾಳಿಕೊಳ್ಳಲಾರದೆ ಹೋದ, ಅದಕ್ಕಾಗಿ ಮೂರು ಮನೆ ಮುರಿದುಬಿತ್ತು. ಅಜ್ಜಿ ಖಾಲಿ ತಟ್ಟೆ ಹಿಡಿದು ಹೊಸಿಲು ದಾಟಿದಳು. ಎಲ್ಲರೂ ನೋಡುವಂತೆ ಅಂಗಳ ಹಾದು ಎದುರು ಜಗಲಿಗೆ ಹೋಗಿ ಸೆಲ್ವಂ ಮಾಮನ ಪಕ್ಕ ಕೂತಳು. ಅವಳು ವಳ್ಳಿ ಅತ್ತೆಗೆ ಹೇಳಿದ್ದು ನಮಗೂ ಕೇಳಿಸಿತು.

"ಇವತ್ತಿಂದ ನಂಗೂ ಒಂದ್ ಹಿಡಿ ಹಾಕವ್ವ."

ಹೆತ್ತ ತಾಯಿ ಮಗನ ಮನೆಯಲ್ಲಿ ಮಲಗಿ ಎದುರುಮನೆಯಲ್ಲಿ ಉಣ್ಣುವುದು ಹೀಗೆ ಶುರುವಾಯಿತು. ಅಮ್ಮ ಮಾತ್ರ ಅಜ್ಜಿಯ ಪಾಲಿನ ಮುದ್ದೆಯನ್ನು ದಿನವೂ ಮಾಡಿ ಮುಚ್ಚಿಡುವಳು, ಮಾರನೆಯ ದಿನ ಮಜ್ಜಿಗೆಯಲ್ಲಿ ಕಿವುಚಿ ತಾನೇ ಕುಡಿಯುವಳು.

ಎರಡನೆಯ ದಿನ ಶಾಲೆಯಿಂದ ಒಬ್ಬಳೇ ಬಂದೆ. ಅಪ್ಪ ಆಗಲೇ ಬಂದು ಕಂಪ್ಯೂಟರ್ ಮುಂದೆ ಕೂತಿದ್ದ. ನಾನಿಲ್ಲದೆ ಅವನು ಅದನ್ನು ಮುಟ್ಟಿದವನಲ್ಲ. ಆಟದಲ್ಲಿ ಊರಿಗೊಂದು ಛತ್ರ ಇರುತ್ತದೆ. ಅಲ್ಲಿ ತಂಡಕ್ಕೆ ಹೊಸಬರನ್ನು ಸೇರಿಸಬಹುದು, ಇದ್ದವರನ್ನು ಬಿಡಬಹುದು. ಅಪ್ಪ ಆ ಛತ್ರದಲ್ಲಿದ್ದ. ಪರದೆಯ ಬದಿಯಲ್ಲಿ ಯಾವಾಗಲೂ ಸಾಲಾಗಿರುವ ಆರು ಮುಖಗಳಲ್ಲಿ ಎರಡೇ ಉಳಿದಿದ್ದವು, ಅವನದು ಮತ್ತು ನನ್ನದು. ಮುನಿರಾಜು ಮಾಮನ ಗುರಾಣಿ ಇರಲಿಲ್ಲ, ಸೆಲ್ವಂ ಮಾಮನ ಬಿಲ್ಲು ಇರಲಿಲ್ಲ. ಅಮ್ಮ ಇರಲಿಲ್ಲ. ಅಷ್ಟು ವಾರ ಗುಹೆಯಲ್ಲಿ ಒದ್ದಾಡಿ ಬದುಕಿಸಿದ್ದ ಅಜ್ಜಿಯೂ ಇರಲಿಲ್ಲ. ನಾನು ಬಂದದ್ದು ಗೊತ್ತಾಗಿ, ತಿರುಗದೆಯೇ, ಪರದೆಯ ಮೇಲೆ ಎದ್ದುಬಂದಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಇದೇನ್ ಕೇಳ್ತೈತೆ ಸುಮಿ?"

ಓದಿದೆ. ನನ್ನ ಹೆಸರು ಅದರಲ್ಲೇ ಇತ್ತು.

"ಸುಮೀನ ತಂಡದಿಂದ ಕಳಿಸ್ಬುಡಾದು ನಿಜವಾ ಅಂತ ಕೇಳ್ತೈತೆ."

ಅಪ್ಪ ಹೌದು ಎನ್ನುವುದನ್ನು ಒತ್ತಿದ. ನನ್ನ ಮುಖ ಹೋಯಿತು. ನನ್ನನ್ನು ತೆಗೆದುಹಾಕುವ ಪ್ರಶ್ನೆಯನ್ನು ನನ್ನ ಬಾಯಲ್ಲೇ ಕನ್ನಡ ಮಾಡಿಸಿ, ನನ್ನ ಎದುರಿಗೇ ಹೌದು ಎಂದ ಆ ಗಳಿಗೆ, ಬಸ್ಸಿನ ಪರದೆಗಿಂತ ಹೆಚ್ಚು ನನ್ನನ್ನು ಅಲ್ಲಾಡಿಸಿತು. ಯಾಕಪ್ಪಾ ಎಂದೆ.

"ನೀವಿದ್ರೆ ನಿಮ್ಮನ್ನ ಕಾಯ್ಬೇಕು. ಒಬ್ನೇ ಆದ್ರೆ, ಬಿದ್ರೆ ನಾನೇ ಬೀಳ್ತೀನಿ."

ಆರು ಜನಕ್ಕೆಂದು ಮಾಡಿದ ಆಟವನ್ನು ಒಬ್ಬನೇ ಆಡುವುದು ಹೇಗಿರುತ್ತದೆಂದು ಆಮೇಲಿನ ತಿಂಗಳುಗಳಲ್ಲಿ ನಾನು ಬಾಗಿಲ ಬಳಿ ಕೂತು ನೋಡಿದೆ. ಕಾಡಿನಲ್ಲಿ ಮಲಗಿದರೆ ಕಾವಲಿಗೆ ಯಾರಿಲ್ಲ. ಕಣ್ಣು ಮುಚ್ಚಿದ ಕೂಡಲೇ ತೋಳಗಳು ಬೀಳುತ್ತಿದ್ದವು. ಬೀಗ ತೆಗೆಯುವವಳಿಲ್ಲದೆ ಪೆಟ್ಟಿಗೆಗಳನ್ನು ಕತ್ತಿಯಿಂದ ಚಚ್ಚಿ ಒಡೆಯಬೇಕು, ಒಳಗಿನ ಔಷಧದ ಸೀಸೆಗಳೂ ಒಡೆದು ಹೋಗುತ್ತಿದ್ದವು. ಎಲ್ಲಕ್ಕಿಂತ ಭಯಂಕರ, ಮೈಮರಗಟ್ಟಿಸುವ ಮಂತ್ರ. ಆರು ಜನರಿದ್ದಾಗ ಒಬ್ಬರು ಮರಗಟ್ಟಿದರೆ ಉಳಿದವರು ಸುತ್ತ ನಿಂತು ಕಾಯುತ್ತಿದ್ದರು. ಈಗ ಒಮ್ಮೆ ತಗುಲಿತೆಂದರೆ ಅಪ್ಪನ ಆಳು ಕತ್ತಿ ಎತ್ತಿದ ಭಂಗಿಯಲ್ಲೇ ನಿಂತುಬಿಡುತ್ತಿದ್ದ, ಸುತ್ತ ನೆರೆದವು ನಿಧಾನವಾಗಿ ಅವನನ್ನು ಕೊಲ್ಲುತ್ತಿದ್ದವು. ಅಪ್ಪ ಗುಂಡಿ ಒತ್ತುವುದನ್ನು ಬಿಟ್ಟು, ಕೈಕಟ್ಟಿ, ಅದು ಮುಗಿಯುವವರೆಗೆ ನೋಡುತ್ತಿದ್ದ. ಆಮೇಲೆ ಮತ್ತೆ ಶುರು. ಹಾಗೆಯೇ ಅವನು ಬಲಿಯುತ್ತಲೂ ಹೋದ. ಆರು ಜನಕ್ಕೆ ಹಂಚಿಹೋಗಬೇಕಾದ ಗೆಲುವಿನ ಪಾಲೆಲ್ಲ ಒಬ್ಬನಿಗೇ ಬೀಳುತ್ತಿತ್ತು. ನನ್ನನ್ನು ಓದಿ ಹೇಳು ಎಂದು ಕರೆಯುತ್ತಿರಲಿಲ್ಲ. ತುಟಿ ಅಲ್ಲಾಡಿಸುತ್ತ ತಾನೇ ಅಕ್ಷರ ಕೂಡಿಸುವನು, ತೀರಾ ಸಿಕ್ಕಿಕೊಂಡರೆ ಒಂದು ಪದ ಮಾತ್ರ ಕೇಳುವನು. ಶತ್ರು, ಸೇತುವೆ, ವಿಷ ಎಂಬಂಥ ಬಿಡಿ ಪದಗಳಲ್ಲೇ ಆ ದಿನಗಳಲ್ಲಿ ನಮ್ಮ ತಂದೆ ಮಗಳ ಮಾತು ನಡೆಯಿತು.

ಶಿವರಾತ್ರಿಯ ಹೊತ್ತಿಗೆ ಮುಷ್ಕರ ಮುಗಿಯಿತು. ಬಹುತೇಕ ಎಲ್ಲರನ್ನೂ ಒಳಗೆ ಕರೆದರು; ಮೈಕು ಹಿಡಿದವರನ್ನು ಕರೆಯಲಿಲ್ಲ. ಮುನಿರಾಜು ಮಾಮ ಕೆಲಸಕ್ಕೆ ಮರಳಿ, ಊರಿನ ಆ ತುದಿಗೆ ಮನೆ ಬದಲಿಸಿದ. ಸೆಲ್ವಂ ಮಾಮನಿಗೆ ಕೆಲಸ ಹೋಯಿತು. ವಳ್ಳಿ ಅತ್ತೆಯ ಅಣ್ಣನಿಗೆ ಕೃಷ್ಣಗಿರಿಯ ಹತ್ತಿರ ಮಾವಿನ ತೋಪಿತ್ತು, ಅಲ್ಲಿಗೆ ಹೋಗುವುದೆಂದಾಯಿತು. ಸಾಮಾನು ತುಂಬಲು ಟೆಂಪೊ ಬಂದ ಬೆಳಗ್ಗೆ ಅಪ್ಪ ರಜೆ ಹಾಕಿ ಮನೆಯಲ್ಲಿದ್ದ. ಸಹಾಯಕ್ಕೆಂದು ಎರಡು ಸಲ ಅಂಗಳಕ್ಕಿಳಿದು, ಯಾರೂ ಅವನತ್ತ ನೋಡದೆ ಇದ್ದಾಗ ಜಗಲಿಗೆ ಹಿಂದಿರುಗಿದ. ಕವಿತಾ ಟೆಂಪೊದ ಹಿಂಭಾಗದಲ್ಲಿ ಚಾಪೆ ಸುರುಳಿಯ ಮೇಲೆ ಕೂತಿದ್ದಳು. ಅವಳು ಒಮ್ಮೆ ಈ ಕಡೆ ನೋಡಿದರೆ ಸಾಕೆಂದು ನಾನು ಕಾಯುತ್ತಿದ್ದೆ. ಆಗ ನಮ್ಮ ಮನೆಯೊಳಗಿಂದ ಅಜ್ಜಿ ಬಂದಳು. ಒಂದು ಬಟ್ಟೆಗಂಟು, ಮೇಲೆ ಅವಳ ತಟ್ಟೆ. ಹೊಸಿಲಲ್ಲಿ ನಿಂತು ಸೊಂಟದ ಕೈಗೊಂಚಲು ಬಿಚ್ಚಿದಳು. ಅದನ್ನು ಅಮ್ಮನ ಕೈಗಿಟ್ಟು, ಸೀದಾ ಹೋಗಿ ಟೆಂಪೊ ಹತ್ತಲು ಕಾಲೆತ್ತಿದಳು. ಸೆಲ್ವಂ ಮಾಮ ಗಾಬರಿಯಾದ. ಪಾಟಿ, ಅಜ್ಜೀ, ಬೇಡ, ಜನ ಏನಂತಾರೆ, ನಿಮ್ಮ ಮನೆ ಇಲ್ಲೇ ಐತಲ್ಲ ಎಂದು ಕನ್ನಡ ತಮಿಳು ಎರಡರಲ್ಲೂ ಬೇಡಿಕೊಂಡ.

"ನಿನ್ ಕೆಲ್ಸ ಹೋಗಿದ್ದು ನನ್ ಮಗನಿಂದ ಕಣಪ್ಪ. ನಿನ್ ಮಕ್ಳನ್ನಾರಾ ನೋಡ್ಕಂತೀನಿ. ಕೈ ಕೊಡು, ಹತ್ತುತೀನಿ."

ಅವನು ಕೈ ಕೊಡಲೂ ಆರದೆ, ಬಿಡಲೂ ಆರದೆ ಅಪ್ಪನತ್ತ ನೋಡಿದ. ಆ ಮೂರು ತಿಂಗಳಲ್ಲಿ ಅವನು ಅಪ್ಪನನ್ನು ನೇರ ನೋಡಿದ್ದು ಅದೊಂದು ಸಲ. ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಏನಾದರೂ ಹೇಳುತ್ತಾನೆ, ಅಡ್ಡ ಬೀಳುತ್ತಾನೆ ಎಂದು ಅಮ್ಮನೂ ನಾನೂ ಕಾದೆವು. ಅವನು ಕತ್ತಿ ಎತ್ತಿದ ಭಂಗಿಯಲ್ಲಿ ಮರಗಟ್ಟಿದ ಆ ಆಳಿನಂತೆ ನಿಂತೇ ಇದ್ದ. ಕೊನೆಗೆ ಕವಿತಾ ಮೇಲಿನಿಂದ ಬಾಗಿ ಅಜ್ಜಿಯ ಎರಡೂ ಕೈ ಹಿಡಿದು ಎಳೆದುಕೊಂಡಳು. ಟೆಂಪೊ ಹೋಯಿತು. ನಮ್ಮಜ್ಜಿ ನಮ್ಮನ್ನು ಬಿಟ್ಟು ಬೇರೆಯವರ ಮಕ್ಕಳ ಜೊತೆ ಹೋದಳು ಎಂಬುದನ್ನು ನಾನು ಆಮೇಲೆ ಶಾಲೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ, ನನಗೇ ನಂಬಿಕೆ ಬರಲು ಬಹಳ ದಿನ ಹಿಡಿಯಿತು. ಬೆಳಗ್ಗೆ ಎದ್ದು ಅವಳ ಹಾಸಿಗೆಯ ಜಾಗ ಕಾಲಲ್ಲಿ ತಡವಿ ನೋಡುತ್ತಿದ್ದೆ.

ಬೇಸಿಗೆ ರಜೆಯ ಒಂದು ಭಾನುವಾರ ಬೆಳಗ್ಗೆ ಅಪ್ಪ ಆಟ ಗೆದ್ದ. ಕೊನೆಯ ಕೋಟೆ, ಕೊನೆಯ ರಾಕ್ಷಸ. ಎಷ್ಟೋ ವಾರದಿಂದ ಸತ್ತು ಸತ್ತು ಏಳುತ್ತಿದ್ದ ಜಾಗ ಅದು. ರಾಕ್ಷಸ ಬಿದ್ದಾಗ ಅಪ್ಪ ಕೂಗಲಿಲ್ಲ, ನಗಲಿಲ್ಲ. ಪರದೆ ಕಪ್ಪಾಗಿ, ಉದ್ದನೆಯ ಬರಹವೊಂದು ಕೆಳಗಿನಿಂದ ಮೇಲಕ್ಕೆ ಏರತೊಡಗಿತು. ಅವನು ನನ್ನ ಕಡೆ ತಿರುಗಿದ. ಚಳಿಗಾಲದಿಂದ ಮೊದಲ ಸಲ ಕುರ್ಚಿಯಲ್ಲಿ ಒಂದಿಷ್ಟು ಜರುಗಿ ನನಗೆ ಜಾಗ ಮಾಡಿದ.

"ಓದಮ್ಮಿ."

ಕೂತು ಓದಿದೆ. ಕಾಡು ಮತ್ತೆ ಹಸಿರಾಯಿತು, ಊರುಗಳ ಬಾಗಿಲು ತೆರೆದವು ಎಂದೆಲ್ಲ ಇತ್ತು. ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳುತ್ತ ಹೋದೆ. ನಡುವೆ ಒಂದು ಸಾಲಿಗೆ ಬಂದು ಬಾಯಿ ನಿಂತಿತು. ಬಿಟ್ಟು ಮುಂದೆ ಹೋಗಬಹುದಿತ್ತು, ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಇವತ್ತು ಕೃಷ್ಣಗಿರಿಯಲ್ಲಿ ಮೂರು ಭಾಷೆಗಳ ನಡುವೆ ಅನುವಾದ ಮಾಡಿ ಬದುಕುವ ನನಗೆ ಈ ಕಸುಬಿನ ಭಾರ ಮೊದಲು ತಿಳಿದದ್ದು ಆ ಗಳಿಗೆಯಲ್ಲಿ. ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೀನೂ ನಿನ್ನ ಜೊತೆಗಾರರೂ ಸೇರಿ ಈ ನಾಡನ್ನ ಉಳಿಸಿದ್ರಿ. ನಿಮ್ಮಲ್ಲಿ ಒಬ್ರೂ ಇನ್ನೊಬ್ರ ಕೈ ಬಿಡ್ಲಿಲ್ಲ ಅಂತ ಜನ ಹಾಡ್ತಾರೆ."

ಅಪ್ಪ ಇನ್ನೊಂದು ಸಲ ಓದಿಸಿದ. ಅಕ್ಷರಗಳು ಮೇಲೇರಿ ಮಾಯವಾಗಿದ್ದವು, ನೆನಪಿನಿಂದ ಹೇಳಿದೆ.

"ನಾನೊಬ್ನೇ ಅಂತ ಅದಕ್ ಗೊತ್ತಾಗ್ಲಿಲ್ವಾ?"

"ಗೊತ್ತಾಗಲ್ಲಪ್ಪಾ. ಮೊದ್ಲೇ ಬರ್ದಿಟ್ಟಿರ್ತಾರೆ. ಯಾರ್ ಗೆದ್ರೂ ಅದೇ ಬತ್ತದೆ."

ಆ ಬರಹದಿಂದ ಅವನಿಗೆ ಬಿದ್ದ ಪೆಟ್ಟು ಯಾವ ಬೈಗುಳದಿಂದಲೂ ಬಿದ್ದಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಅಜ್ಜಿ ಅಂಗಳ ದಾಟಿದಾಗ ಅವನು ಅದನ್ನು ತಡೆದುಕೊಂಡಿದ್ದ. ಟೆಂಪೊ ಹೋದಾಗಲೂ ತಡೆದುಕೊಂಡಿದ್ದ. ಈಗ ಕೂತಲ್ಲಿಂದಲೇ ಅಮ್ಮನನ್ನು ಕೂಗಿ ಕರೆದ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಅವನು ಅವಳನ್ನು ಕೇಳಿದ್ದು, ಕೃಷ್ಣಗಿರಿಗೆ ಬಸ್ಸು ಐತಾ ಎಂದು. ಹಗಲೂ ರಾತ್ರಿ ಕೃಷ್ಣಗಿರಿಯ ಬಸ್ಸುಗಳ ಸದ್ದು ಕೇಳುವ ಮನೆಯಲ್ಲಿ ಕೂತು ಹಾಗೆ ಕೇಳಿದ. ಅಮ್ಮ ಅವನ ಮುಖ ನೋಡಿ, ಐತೆ, ಎದ್ದು ಶರ್ಟು ಹಾಕ್ಕ ಎಂದಳು. ನನ್ನನ್ನೂ ಜೊತೆಗೆ ಕಳಿಸಿದಳು.

ಆ ದಿನ ಅಜ್ಜಿ ನಮ್ಮ ಜೊತೆ ವಾಪಸ್ ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾವಿನ ಸುಗ್ಗಿ ಮುಗಿದ ಮೇಲೆ, ಕವಿತಾಳ ತಮ್ಮನನ್ನು ಅಲ್ಲಿಯ ಶಾಲೆಗೆ ಸೇರಿಸಿಯಾದ ಮೇಲೆ, ತಾನಾಗಿ ಬಸ್ಸು ಹತ್ತಿ ಬಂದಳು. ಅಪ್ಪನೂ ಸೆಲ್ವಂ ಮಾಮನೂ ಮೊದಲಿನಂತೆ ಆಗಲಿಲ್ಲ. ಮದುವೆ ಸಾವುಗಳಲ್ಲಿ ಎದುರಾದರೆ ಹೇಗಿದ್ದೀಯ ಎಂದು ಕೇಳುವಷ್ಟಕ್ಕೆ ಅದು ನಿಂತಿತು. ಕವಿತಾ ನನಗೆ ಮರಳಿ ಸಿಕ್ಕಳು, ಆದರೆ ಅದಕ್ಕೆ ನಾವಿಬ್ಬರೂ ದೊಡ್ಡವರಾಗಬೇಕಾಯಿತು.

ತೋಪಿನ ನಡುವೆ ಶೀಟು ಹೊದಿಸಿದ ಎರಡು ಕೋಣೆಯ ಮನೆ. ಸುತ್ತ ಬುಟ್ಟಿಗಳು, ಹುಲ್ಲು, ಹಣ್ಣಿನ ವಾಸನೆ. ನಾವು ಹೋದಾಗ ಅವರದು ಊಟದ ಹೊತ್ತು. ಒಳಗೆ ವಳ್ಳಿ ಅತ್ತೆ ಬಡಿಸುತ್ತಿದ್ದಳು, ಅಜ್ಜಿ ಮಕ್ಕಳ ಜೊತೆ ಸಾಲಿನಲ್ಲಿ ಕೂತಿದ್ದಳು. ಸೆಲ್ವಂ ಮಾಮ ಉಂಡು ಬಂದು ಹೊಸಿಲ ಮೇಲೆ ಕೂತು, ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ, ಎಲೆಯಡಿಕೆ ಹಾಕುತ್ತಿದ್ದ. ನಮ್ಮನ್ನು ಕಂಡು ಅವನ ಕೈ ಬಾಯಿಯ ಹತ್ತಿರ ನಿಂತಿತು. ಅಜ್ಜಿಯೂ ನೋಡಿದಳು, ಏಳಲಿಲ್ಲ. ಅಪ್ಪ ಬಿಸಿಲಿನಲ್ಲಿ ನಿಂತ. ದಾರಿಯುದ್ದ ತುಟಿ ಅಲ್ಲಾಡಿಸುತ್ತ ಏನೇನೋ ಹೇಳಿಕೊಳ್ಳುತ್ತ ಬಂದಿದ್ದ. ತಪ್ಪಾಯಿತು ಎನ್ನುತ್ತಾನೆ, ಅಜ್ಜಿಯನ್ನು ಬಾ ಎಂದು ಕರೆಯುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಅದೊಂದೂ ಬರಲಿಲ್ಲ.

"ಅವ್ವಾ, ಹೊಟ್ಟೆ ಹಸೀತೈತೆ."

ಒಳಗೆ ಯಾರೂ ಅಲ್ಲಾಡಲಿಲ್ಲ. ವಳ್ಳಿ ಅತ್ತೆ ಸೌಟು ಹಿಡಿದು ಗಂಡನನ್ನು ನೋಡಿದಳು. ಅಜ್ಜಿಯೂ ಅವನನ್ನೇ ನೋಡಿದಳು. ಅದು ಅವನ ಮನೆ, ಹೇಳಬೇಕಾದವನು ಅವನು. ಸೆಲ್ವಂ ಮಾಮ ಅಪ್ಪನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಎಲೆಯನ್ನೇ ಎಷ್ಟೋ ಹೊತ್ತು ನೋಡಿದ. ಆಮೇಲೆ ಬಾಗಿಲಿಗೆ ಅಡ್ಡ ಚಾಚಿದ್ದ ಕಾಲನ್ನು ಮಡಚಿಕೊಂಡ.